ಅಮಿಗಾ 2000ರೊಳಗೊಂದು ಪಿಸಿ: ಬ್ರಿಡ್ಜ್‌ಬೋರ್ಡ್ ಕೂರಿಸಿ ಡಾಸ್ ಓಡಿಸುವ ಬಗೆ

ಕಮೊಡೋರ್ ಕಂಪನಿಯ ಅಮಿಗಾ 2000 ಕಂಪ್ಯೂಟರಿನ ಮುಚ್ಚಳ ತೆಗೆದವರಿಗೆ ಒಳಗೆ ಕಾರ್ಡ್ ಚುಚ್ಚುವ ಎರಡು ಜಾತಿಯ ಸ್ಲಾಟ್‌ಗಳು ಕಾಣುತ್ತವೆ. ಐದು ಉದ್ದನೆಯವು ಅಮಿಗಾದ ಸ್ವಂತದ್ದು, ಹೆಸರು ಝೊರ್ರೊ. ಉಳಿದ ನಾಲ್ಕು ಹಳೆಯ ಐಬಿಎಂ ಪಿಸಿಗಳಲ್ಲಿದ್ದ ಐಎಸ್ಎ ಸ್ಲಾಟ್‌ಗಳೇ. ಪಿಸಿಯ ಕಾರ್ಡ್ ಒಂದನ್ನು ತಂದು ಆ ಐಎಸ್ಎ ಸ್ಲಾಟಿಗೆ ಚುಚ್ಚಿ ನೋಡಿ, ಏನೂ ಆಗುವುದಿಲ್ಲ. ಅಲ್ಲಿಗೆ ಕರೆಂಟು ಬರುತ್ತದೆ, ಮಾತು ಬರುವುದಿಲ್ಲ. ಎರಡು ಕಡೆ ಮಾತ್ರ ಝೊರ್ರೊ ಸ್ಲಾಟೂ ಐಎಸ್ಎ ಸ್ಲಾಟೂ ಒಂದೇ ಗೆರೆಯಲ್ಲಿ ಹಿಂದೆ ಮುಂದೆ ಕೂತಿವೆ. ಆ ಎರಡರ ಮೇಲೂ ಒಟ್ಟಿಗೆ ಕಾಲೂರುವ ಉದ್ದನೆಯ ಕಾರ್ಡೇ ಬ್ರಿಡ್ಜ್‌ಬೋರ್ಡ್. ಅಮಿಗಾದೊಳಗೆ ಡಾಸ್ ಅನ್ನು, ಅಂದರೆ ಹಳೆಯ ಪಿಸಿಗಳ ಕಾರ್ಯವ್ಯವಸ್ಥೆಯನ್ನು, ಓಡಿಸುವುದು ಇದೇ. ಅದು ಕೂತಮೇಲೆ ಉಳಿದ ಮೂರು ಐಎಸ್ಎ ಸ್ಲಾಟ್‌ಗಳಿಗೂ ಜೀವ ಬರುತ್ತದೆ.

ಇದನ್ನು ಎಮ್ಯುಲೇಟರ್, ಅಂದರೆ ಸಾಫ್ಟ್‌ವೇರಿನಲ್ಲೇ ಪಿಸಿಯಂತೆ ನಟಿಸುವ ಪ್ರೋಗ್ರಾಂ, ಎಂದುಕೊಂಡು ಹೊರಟವರು ಮುಂದೆ ಪ್ರತಿ ಹೆಜ್ಜೆಯಲ್ಲೂ ಎಡವುತ್ತಾರೆ, ನಾನೂ ಎಡವಿದ್ದೇನೆ. ಕಾರ್ಡಿನ ಮೇಲೆ ಇಂಟೆಲ್ ಪ್ರೊಸೆಸರ್ ಇದೆ, ಅದಕ್ಕೆ ಬೇರೆಯದೇ ಮೆಮೊರಿ ಇದೆ, ಪಿಸಿಯನ್ನು ಎಬ್ಬಿಸುವ ಮೂಲ ಪ್ರೋಗ್ರಾಂ ಬಯಾಸ್ ಇದೆ, ಫ್ಲಾಪಿ ಕಂಟ್ರೋಲರ್ ಇದೆ. ಮನೆ ಒಂದು, ಒಲೆ ಎರಡು ಎಂಬ ಹಾಗೆ. ಪಿಸಿ ಕಡೆಯವರು ಅಮಿಗಾದಿಂದ ಕಡ ತರುವುದು ಮೂರನ್ನೇ: ಕೀಲಿಮಣೆ, ಪರದೆ, ಬೇಕಾದರೆ ಹಾರ್ಡ್‌ಡಿಸ್ಕಿನಲ್ಲಿ ಒಂದಿಷ್ಟು ಜಾಗ. ಯಾವ ವಸ್ತು ಯಾರದ್ದು ಎಂಬುದು ತಲೆಯಲ್ಲಿದ್ದರೆ ಕೆಲಸ ಅರ್ಧ ಮುಗಿದಂತೆ.

ಹೀಗೇಕೆ ಮಾಡಿದರು ಎಂಬುದಕ್ಕೆ ನಾಲ್ಕು ಮಾತು. ಅಮಿಗಾ 1985ರಲ್ಲಿ ಬಂದಾಗ ಬಣ್ಣ, ಸದ್ದು, ಹಲವು ಕೆಲಸ ಒಟ್ಟಿಗೆ ಮಾಡುವ ಜಾಣ್ಮೆ ಎಲ್ಲದರಲ್ಲೂ ಪಿಸಿಗಿಂತ ಮುಂದಿತ್ತು. ಆದರೆ ಆಫೀಸಿನವರು ಕೇಳುತ್ತಿದ್ದದ್ದು 'ಲೋಟಸ್ ಓಡುತ್ತದೆಯೇ?' ಎಂದು. ಲೋಟಸ್ ಎಂದರೆ ಪಿಸಿಯಲ್ಲಿ ಲೆಕ್ಕದ ಹಾಳೆ ಬರೆಯುವ ಪ್ರೋಗ್ರಾಂ. ಕಮೊಡೋರ್ ಮೊದಲು ಟ್ರಾನ್ಸ್‌ಫಾರ್ಮರ್ ಎಂಬ ಸಾಫ್ಟ್‌ವೇರ್ ಕೊಟ್ಟಿತು. ಅಮಿಗಾದ 68000 ಪ್ರೊಸೆಸರ್ ಇಂಟೆಲ್‌ನ ಒಂದೊಂದು ಆಜ್ಞೆಯನ್ನೂ ಬಿಡಿಸಿ ಓದಿ ನಡೆಸಬೇಕಾಗಿತ್ತು, ಆಮೆ ಓಟ. ಆಮೇಲೆ ಜರ್ಮನಿಯ ಬ್ರೌನ್‌ಶ್ವೈಗ್ ನಗರದಲ್ಲಿದ್ದ ಕಮೊಡೋರ್ ಎಂಜಿನಿಯರುಗಳು 1986ರಲ್ಲಿ ಸೈಡ್‌ಕಾರ್ ಮಾಡಿದರು. ಅಮಿಗಾ 1000ರ ಪಕ್ಕಕ್ಕೆ ಅಂಟಿಕೊಳ್ಳುವ ಪೆಟ್ಟಿಗೆ, ಒಳಗೆ ನಿಜವಾದ ಪಿಸಿ. 1987ರ ಅಮಿಗಾ 2000ರಲ್ಲಿ ಆ ಪೆಟ್ಟಿಗೆ ಚಪ್ಪಟೆಯಾಗಿ ಕಾರ್ಡ್ ಆಯಿತು.

ಯಾವ ಕಾರ್ಡ್?

ಮೂರು ಸಿಗುತ್ತವೆ. ಎ2088ರಲ್ಲಿ 4.77 ಮೆಗಾಹರ್ಟ್ಸ್‌ನ 8088, 512 ಕೆಬಿ ಮೆಮೊರಿ, 360 ಕೆಬಿಯ ಐದೂಕಾಲು ಇಂಚಿನ ಫ್ಲಾಪಿ ಡ್ರೈವ್. ಎ2286ರಲ್ಲಿ 8 ಮೆಗಾಹರ್ಟ್ಸ್‌ನ 80286, 1 ಎಂಬಿ ಮೆಮೊರಿ, 1.2 ಎಂಬಿ ಡ್ರೈವ್. ಎ2386ಎಸ್‌ಎಕ್ಸ್‌ನಲ್ಲಿ ಹೆಸರೇ ಹೇಳುವಂತೆ 386ಎಸ್‌ಎಕ್ಸ್. ಕೊನೆಯದು ಸಿಗುವುದು ಅಪರೂಪ, ಸಿಕ್ಕರೆ ಬೆಲೆ ಕೇಳಿ ಎದೆ ಹಿಡಿದುಕೊಳ್ಳಬೇಕು.

ಮೊದಲ ಸಲ ಮಾಡುವವರು ಎ2088 ತೆಗೆದುಕೊಳ್ಳಿ. ನಿಧಾನ, ನಿಜ. ಆದರೆ 286 ಇದ್ದರೂ ಅದರ ಮೇಲೆ ನೀವು ಓಡಿಸುವುದು ಬಹುಪಾಲು ಬರಹಕ್ಕೆ ಅದೇ ವರ್ಡ್‌ಸ್ಟಾರ್, ಲೆಕ್ಕಕ್ಕೆ ಅದೇ ಲೋಟಸ್ 1-2-3, ಮಾಹಿತಿಯ ಪಟ್ಟಿಗಳಿಗೆ ಅದೇ ಡಿಬೇಸ್ 3 ಪ್ಲಸ್. ತೊಂಬತ್ತರ ದಶಕದಲ್ಲಿ ನಮ್ಮೂರುಗಳ ಟೈಪಿಂಗ್ ಇನ್‌ಸ್ಟಿಟ್ಯೂಟ್‌ಗಳು ಬೋರ್ಡ್ ಬದಲಿಸಿ 'ಕಂಪ್ಯೂಟರ್ ಸೆಂಟರ್' ಆದಾಗ ಕಲಿಸಿದ ಮೂರು ಪಾಠಗಳೂ ಇವೇ. ಮೂರಕ್ಕೂ 512 ಕೆಬಿ ಸಾಕು. ಪ್ರೋಗ್ರಾಂ ಬರೆಯಲು ಬಳಸುವ ಟರ್ಬೋ ಪ್ಯಾಸ್ಕಲ್ 3 ಅಂತೂ ಎಡಿಟರ್, ಕಂಪೈಲರ್ ಎಲ್ಲ ಸೇರಿ 40 ಕೆಬಿಗೂ ಕಡಿಮೆ. ಈ ಬರಹದ ಮುಂದಿನ ಹೆಜ್ಜೆಗಳು ಎ2088ಕ್ಕೇ ಬರೆದವು.

ಕಾರ್ಡಿನ ಜೊತೆ ಜಾನಸ್ ಎಂದು ಬರೆದ ಅಮಿಗಾ ಡಿಸ್ಕ್ ಇದೆಯೇ ಎಂದು ಮಾರುವವರನ್ನು ಮೊದಲೇ ಕೇಳಿ. ಎರಡು ಕಡೆಗೆ ಮುಖ ಮಾಡಿರುವ ರೋಮನ್ ದೇವರ ಹೆಸರು ಅದು, ಅಮಿಗಾವನ್ನೂ ಕಾರ್ಡನ್ನೂ ಮಾತಾಡಿಸುವ ಈ ಸಾಫ್ಟ್‌ವೇರಿಗೆ ಚೆನ್ನಾಗಿಯೇ ಒಪ್ಪುತ್ತದೆ. ಅದಿಲ್ಲದೆ ಕಾರ್ಡ್ ಬರಿ ತಗಡು. ಜೊತೆಗೆ ಎಂಎಸ್-ಡಾಸ್ 3.3ರ ಡಿಸ್ಕ್, 34 ತಂತಿಯ ಫ್ಲಾಪಿ ಕೇಬಲ್ ಬೇಕು. ಐದೂಕಾಲು ಇಂಚಿನ ಡ್ರೈವ್ ಸಿಗದಿದ್ದರೆ ಗೋಟೆಕ್ ಎಂಬ ಅಗ್ಗದ ಸಾಧನ ಸಾಕು, ಯುಎಸ್‌ಬಿ ಪೆನ್‌ಡ್ರೈವಿನಲ್ಲಿಟ್ಟ ಡಿಸ್ಕಿನ ನಕಲು ಕಡತವನ್ನು (ಇಮೇಜ್) ಅದು ಫ್ಲಾಪಿ ಎಂದು ತೋರಿಸುತ್ತದೆ. ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಮೊದಲು ಬ್ಯಾಟರಿ

ಕಾರ್ಡ್ ಕೈಗೆ ಬಂದ ಸಂಭ್ರಮದಲ್ಲಿ ಇದನ್ನು ಬಿಟ್ಟವರೇ ಹೆಚ್ಚು. ಅಮಿಗಾ 2000ರ ಮದರ್‌ಬೋರ್ಡ್ ಮೇಲೆ 3.6 ವೋಲ್ಟಿನ ಪುಟ್ಟ ಪೀಪಾಯಿಯಂಥ ನಿಕಲ್-ಕ್ಯಾಡ್ಮಿಯಮ್ ಬ್ಯಾಟರಿ ಇರುತ್ತದೆ, ಗಡಿಯಾರ ನಡೆಸುವುದಕ್ಕೆ. ಅದು ಇರುವುದು ಪ್ರೊಸೆಸರಿನ ನೆರೆಯಲ್ಲಿ. ಮೂವತ್ತು ದಾಟಿದ ಈ ಬ್ಯಾಟರಿಗಳು ಸೋರುತ್ತವೆ, ಸೋರಿದ ಕ್ಷಾರ ತಾಮ್ರದ ಗೆರೆಗಳನ್ನು ತಿನ್ನುತ್ತಾ ಹೋಗುತ್ತದೆ. 'ನನ್ನದು ಚೆನ್ನಾಗೇ ಇದೆ' ಎಂದು ಬಿಡಬೇಡಿ. ಇವತ್ತು ಚೆನ್ನಾಗಿದೆ, ಅಷ್ಟೇ. ಕತ್ತರಿಸಿ ತೆಗೆಯಿರಿ, ಗಡಿಯಾರ ನಿಂತರೆ ನಿಲ್ಲಲಿ.

ಹಸಿರು ಅಥವಾ ಬೂದು ಪುಡಿ ಕಂಡರೆ ಹತ್ತಿಯನ್ನು ಬಿಳಿ ವಿನೆಗರಿನಲ್ಲಿ ಅದ್ದಿ ಒರೆಸಿ. ಕ್ಷಾರಕ್ಕೆ ಹುಳಿಯೇ ಮದ್ದು. ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಎರಡು ಸಲ ತೊಳೆದು ಒಂದು ದಿನ ಒಣಗಲು ಬಿಡಿ. ಬ್ರಿಡ್ಜ್‌ಬೋರ್ಡ್ ಮೇಲೂ ಅಂಥದೇ ಬ್ಯಾಟರಿ ಇದ್ದರೆ ಅದಕ್ಕೂ ಇದೇ ಗತಿ.

ಪವರ್ ಸಪ್ಲೈ ಹೋಗಿ ಇಂದಿನ ಪಿಸಿಗಳ ಎಟಿಎಕ್ಸ್ ಸಪ್ಲೈ ಹಾಕಿದವರಿಗೆ ಒಂದು ಕಿವಿಮಾತು. ಹಳೆಯ ಸಪ್ಲೈ ಮನೆಯ ಕರೆಂಟಿನ ಮಿಡಿತವನ್ನು, ನಮ್ಮಲ್ಲಾದರೆ ಸೆಕೆಂಡಿಗೆ 50, ಒಂದು ತಂತಿಯಲ್ಲಿ ಬೋರ್ಡಿಗೆ ಕಳಿಸುತ್ತಿತ್ತು. ಎಟಿಎಕ್ಸ್‌ನಲ್ಲಿ ಆ ತಂತಿ ಇಲ್ಲ. ಬೋರ್ಡಿನ ಮೇಲೆ ಜೆ300 ಎಂಬ ಜಂಪರ್ (ಎರಡು ಪಿನ್ನುಗಳನ್ನು ಜೋಡಿಸುವ ಪುಟ್ಟ ಟೊಪ್ಪಿಗೆ) ಹುಡುಕಿ, ಮಿಡಿತವನ್ನು ಪರದೆಯ ಸಂಕೇತದಿಂದ ತೆಗೆದುಕೊಳ್ಳುವ ಕಡೆಗೆ ಬದಲಿಸಿ. ಇಲ್ಲದಿದ್ದರೆ ಸಮಯ ಲೆಕ್ಕ ಹಾಕುವ ಪ್ರೋಗ್ರಾಂಗಳು ಸುಮ್ಮನೆ ಕಾಯುತ್ತಾ ಕೂರುತ್ತವೆ, ನೀವು ಪಾಪ ಬ್ರಿಡ್ಜ್‌ಬೋರ್ಡನ್ನು ಬೈಯುತ್ತೀರಿ.

ನಡುವಿನ ಕಿಂಡಿ, ಮತ್ತು ನಾನು ಕಳೆದುಕೊಂಡ ಭಾನುವಾರ

ಎರಡು ಕಂಪ್ಯೂಟರ್‌ಗಳು ಮಾತಾಡುವುದು ಕಾರ್ಡಿನ ಮೇಲಿರುವ 128 ಕೆಬಿ ಮೆಮೊರಿಯ ಮೂಲಕ. ಅಡುಗೆಮನೆಗೂ ನಡುಮನೆಗೂ ನಡುವಿನ ಕಿಂಡಿಯಂತೆ ಇದಕ್ಕೆ ಎರಡು ಕಡೆಯಿಂದಲೂ ಕೈ ಹಾಕಬಹುದು. ಪಿಸಿ ತನ್ನ ಪರದೆಯ ಅಕ್ಷರಗಳನ್ನು ಅಲ್ಲಿ ಬರೆಯುತ್ತದೆ, ಅಮಿಗಾ ಅದನ್ನು ಓದಿ ತನ್ನ ಕಿಟಕಿಯಲ್ಲಿ ಚಿತ್ರಿಸುತ್ತದೆ. ನೀವು ಕೀಲಿ ಒತ್ತಿದರೆ ಅದು ಇದೇ ದಾರಿಯಲ್ಲಿ ಹಿಮ್ಮುಖವಾಗಿ ಹೋಗುತ್ತದೆ.

ಆದರೆ ಇಬ್ಬರ ಬರವಣಿಗೆ ಬೇರೆ. ಎರಡು ಬೈಟ್‌ಗಳ ಒಂದು ಸಂಖ್ಯೆಯನ್ನು 68000 ದೊಡ್ಡ ಸ್ಥಾನದಿಂದ ಬರೆಯುತ್ತದೆ, 8088 ಚಿಕ್ಕ ಸ್ಥಾನದಿಂದ. ನಮ್ಮ ಹಳೆಯ ಬರಹಗಳಲ್ಲಿ ಶಕವರ್ಷವನ್ನು ಪದಗಳಲ್ಲಿ ಹೇಳುವಾಗ 'ಅಂಕಾನಾಂ ವಾಮತೋ ಗತಿಃ' ಎಂದು ಬಲದಿಂದ ಎಡಕ್ಕೆ ಓದಬೇಕಲ್ಲ, ಅದೇ ತಕರಾರು. ಎಂಜಿನಿಯರುಗಳು ಇದಕ್ಕೆ ಕಂಡುಕೊಂಡ ಉಪಾಯ ನನಗೆ ಈಗಲೂ ಇಷ್ಟ. ಅದೇ 128 ಕೆಬಿಯನ್ನು ಅಮಿಗಾಕ್ಕೆ ನಾಲ್ಕು ವಿಳಾಸಗಳಲ್ಲಿ ನಾಲ್ಕು ರೂಪದಲ್ಲಿ ತೋರಿಸಿದರು. ಒಂದು ಕಡೆಯಿಂದ ನೋಡಿದರೆ ಬೈಟ್‌ಗಳು ಇದ್ದ ಹಾಗೆ, ಇನ್ನೊಂದು ಕಡೆಯಿಂದ ಜೋಡಿಗಳು ಅದಲುಬದಲಾಗಿ, ಮೂರನೆಯದು ಚಿತ್ರಗಳಿಗೆ, ನಾಲ್ಕನೆಯದು ಪಿಸಿಯ ಪೋರ್ಟ್‌ಗಳನ್ನು ನೋಡಿಕೊಳ್ಳಲು. ನಾಲ್ಕು ಸಲ 128, ಒಟ್ಟು 512 ಕೆಬಿ ವಿಳಾಸ.

ನನ್ನ ಭಾನುವಾರ ಹೋದದ್ದು ಇಲ್ಲೇ. ಝೊರ್ರೊ ಸ್ಲಾಟ್‌ಗಳಿಗೆಲ್ಲ ಸೇರಿ ಮೆಮೊರಿಗೆಂದು ಇರುವ ವಿಳಾಸದ ಬಯಲು 8 ಎಂಬಿ. ನನ್ನ ಅಮಿಗಾದಲ್ಲಿ ಹಿಂದಿನ ಮಾಲೀಕರು 8 ಎಂಬಿ ಮೆಮೊರಿ ಕಾರ್ಡ್ ಹಾಕಿಟ್ಟಿದ್ದರು. ಬಯಲು ಪೂರ್ತಿ ಅದಕ್ಕೇ ಹೋಗಿ, ಬ್ರಿಡ್ಜ್‌ಬೋರ್ಡಿಗೆ ಬೇಕಾದ ಅರ್ಧ ಎಂಬಿ ಉಳಿದಿರಲಿಲ್ಲ. ಕಾರ್ಡ್ ಸತ್ತಿದೆ ಎಂದುಕೊಂಡು ನಾನು ಅಂಚುಗಳನ್ನು ರಬ್ಬರಿನಿಂದ ಉಜ್ಜಿದೆ, ಸ್ಲಾಟ್ ಬದಲಿಸಿದೆ, ಕೊನೆಗೆ ಕೊಟ್ಟವರಿಗೆ ಖಾರವಾಗಿ ಒಂದು ಪತ್ರವನ್ನೂ ಬರೆದೆ. ಪುಣ್ಯಕ್ಕೆ ಕಳಿಸಿರಲಿಲ್ಲ. ಮೆಮೊರಿ ಕಾರ್ಡಿನ ಜಂಪರನ್ನು 6 ಎಂಬಿಗೆ ಇಳಿಸಿದ ಕೂಡಲೇ ಎಲ್ಲ ಸರಿಹೋಯಿತು. ನಿಮ್ಮ ಕಾರ್ಡಿನಲ್ಲಿ 6 ಇಲ್ಲದಿದ್ದರೆ 4ಕ್ಕೆ ಇಳಿಸಿ. ಕಾರ್ಡ್ ಕೂರಿಸುವ ಮೊದಲೇ ಇದನ್ನು ಮಾಡಿ.

ಪಿಸಿಯ ಕಡೆಯಿಂದಲೂ ಕಿಂಡಿಗೆ ಒಂದು ವಿಳಾಸ ಬೇಕು: ಎ0000, ಡಿ0000, ಇ0000 ಈ ಮೂರರಲ್ಲಿ ಒಂದು. ಎ0000 ಬೇಡ, ಮುಂದೆ ಪಿಸಿಗೆ ವಿಜಿಎ ಎಂಬ ಪರದೆಯ ಕಾರ್ಡ್ ಹಾಕಿದರೆ ಅದು ಅಲ್ಲೇ ಬಂದು ಕೂರುತ್ತದೆ. ಡಿ0000 ಇಟ್ಟುಕೊಳ್ಳಿ. ಐಎಸ್ಎ ಸ್ಲಾಟಿಗೆ ಆಮೇಲೆ ಹಾಕುವ ಯಾವ ಕಾರ್ಡೂ ಡಿ0000 ಮುಟ್ಟದಂತೆ ನೋಡಿಕೊಂಡರೆ ಆಯಿತು. ಒಂದು ಚೀಟಿಯಲ್ಲಿ ಬರೆದು ಮುಚ್ಚಳದ ಒಳಗೆ ಅಂಟಿಸಿಬಿಡಿ.

ಕೂರಿಸುವುದು

ಪ್ಲಗ್ ಕಿತ್ತು, ಕೈಯನ್ನು ಪೆಟ್ಟಿಗೆಯ ಲೋಹಕ್ಕೆ ತಾಗಿಸಿ, ಕೆಲಸ ಶುರು ಮಾಡಿ. ಒಂದೇ ಗೆರೆಯಲ್ಲಿರುವ ಎರಡು ಜಾಗಗಳಲ್ಲಿ ಒಂದನ್ನು ಆರಿಸಿಕೊಳ್ಳಿ. ಕಾರ್ಡಿನ ಎರಡೂ ಅಂಚುಗಳು ಎರಡೂ ಸ್ಲಾಟಿನ ಬಾಯಿಗೆ ಸರಿಯಾಗಿ ಕೂತಿವೆಯೇ ಎಂದು ಬಗ್ಗಿ ನೋಡಿದ ಮೇಲೆ ಒತ್ತಿ. ಒಂದು ತುದಿ ಒತ್ತಿ ಆಮೇಲೆ ಇನ್ನೊಂದು ಒತ್ತಿದರೆ ಕಾರ್ಡ್ ಬಾಗುತ್ತದೆ. ಎರಡೂ ಅಂಗೈಯಿಂದ ಒಟ್ಟಿಗೆ, ರೊಟ್ಟಿ ತಟ್ಟುವಷ್ಟು ಬಲ ಸಾಕು. ಹಿಂದಿನ ಸ್ಕ್ರೂ ಬಿಗಿಯುವುದನ್ನು ಮರೆಯಬೇಡಿ.

ಫ್ಲಾಪಿ ಕೇಬಲ್ಲಿನ ಕೆಂಪು ಅಂಚು ಒಂದನೇ ಪಿನ್ನಿನ ಕಡೆಗೆ. ಡ್ರೈವನ್ನು ಅಮಿಗಾದ ಮುಂಭಾಗದ ಐದೂಕಾಲು ಇಂಚಿನ ಖಾನೆಗೆ ಹಾಕಿ. ಈ ಡ್ರೈವ್ ಪಿಸಿಯದ್ದು, ಅಮಿಗಾದ್ದಲ್ಲ. ಮೂರೂವರೆ ಇಂಚಿನ ಅಮಿಗಾ ಡ್ರೈವನ್ನು ಡಾಸ್ ನೇರವಾಗಿ ನೋಡಲಾರದು.

ಗೋಟೆಕ್ ಹಾಕುವವರು ಅದರಲ್ಲಿ ಫ್ಲಾಶ್‌ಫ್ಲಾಪಿ ಎಂಬ ಬಿಟ್ಟಿ ಫರ್ಮ್‌ವೇರ್ ತುಂಬಿ, ಸೆಟ್ಟಿಂಗ್ ಕಡತದಲ್ಲಿ ಐಬಿಎಂ ಪಿಸಿ ಕ್ರಮ ಆರಿಸಿ. ಕೇಬಲ್ಲಿನಲ್ಲಿ ತಿರುಚಿದ ಭಾಗ ಇದ್ದರೆ ಜಂಪರ್ ಎಸ್1ಕ್ಕೆ, ನೇರ ಕೇಬಲ್ ಆದರೆ ಎಸ್0ಕ್ಕೆ. ಇಮೇಜುಗಳನ್ನು 360 ಕೆಬಿಯವೇ ಮಾಡಿ, ಎ2088ರ ಬಯಾಸಿಗೆ ತಿಳಿದಿರುವುದು ಅಷ್ಟೇ. 720 ಕೆಬಿ ಬೇಕೇ ಬೇಕೆಂದರೆ ಡಾಸ್ 3.3ರ ಡ್ರೈವರ್.ಸಿಸ್ ಬಳಸಿ ಹೊಸ ಡ್ರೈವ್ ಅಕ್ಷರ ಹುಟ್ಟಿಸಬಹುದು. 1.44 ಎಂಬಿ ಕನಸು ಬಿಡಿ, ಈ ಕಂಟ್ರೋಲರಿಗೆ ಆ ವೇಗವಿಲ್ಲ.

ಒಂದು ಗೊಂದಲ ಇಲ್ಲೇ ಬಿಡಿಸಿಬಿಡುತ್ತೇನೆ. ಅಮಿಗಾ 2000ರ ಕೀಲಿಮಣೆಯ ಪ್ಲಗ್ ಹಳೆಯ ಪಿಸಿ ಕೀಲಿಮಣೆಯ ಪ್ಲಗ್ಗಿನಂತೆಯೇ ದುಂಡಗೆ ಐದು ಪಿನ್ನಿನದು. ಹೊಂದುತ್ತದೆ, ಕೆಲಸ ಮಾಡುವುದಿಲ್ಲ. ಅಮಿಗಾ ಕೀಲಿಮಣೆಯೇ ಬೇಕು. ಅದರ ಬಲಗಡೆಯ ಅಂಕಿಗಳ ಮೇಲೆ ಹೋಮ್, ಎಂಡ್, ಪೇಜ್ ಅಪ್ ಎಂದೆಲ್ಲ ಸಣ್ಣಗೆ ಬರೆದಿರುವುದು ಪಿಸಿ ಕಿಟಕಿಯಲ್ಲಿ ಕೆಲಸ ಮಾಡುವಾಗ ದಾರಿ ತೋರಿಸಲು.

ಪರದೆ ಇನ್ನೊಂದು ತಲೆನೋವು. ಅಮಿಗಾದ ಬಣ್ಣದ ಔಟ್‌ಪುಟ್ 15 ಕಿಲೋಹರ್ಟ್ಸ್‌ನದು, ಇಂದಿನ ಮಾನಿಟರುಗಳು ಇದನ್ನು ಒಪ್ಪುವುದಿಲ್ಲ. ಕಮೊಡೋರ್ 1084 ಮಾನಿಟರ್ ಇದ್ದರೆ ಪುಣ್ಯವಂತರು. ಇಲ್ಲದವರು ಹಿಂಬದಿಯ ಕಾಂಪೋಸಿಟ್ ಕಿಂಡಿಯಿಂದ ಟಿವಿಗೆ ತಂತಿ ಎಳೆಯಿರಿ. ಕಪ್ಪು-ಬಿಳುಪೇ ಬರುವುದು, ಆದರೆ ಡಾಸ್‌ನ 80 ಅಕ್ಷರಗಳ ಸಾಲಿಗೆ ಅದು ಕೊರತೆಯೇನಲ್ಲ.

ಮೊದಲ ಬೂಟ್

ಮೊದಲು ಅಮಿಗಾ ಒಂದೇ ಎದ್ದೇಳಲಿ. ಅಮಿಗಾದ ಕಿಟಕಿಗಳನ್ನೂ ಚಿತ್ರಗಳನ್ನೂ ತೋರಿಸುವ ವರ್ಕ್‌ಬೆಂಚ್ ಸಾಫ್ಟ್‌ವೇರಿನ 1.3 ಆವೃತ್ತಿ ಬಳಸಿ. ಹೊಸ ವರ್ಕ್‌ಬೆಂಚ್ ಇದ್ದರೆ ಹೊಸ ಜಾನಸ್ ಬೇಕು, ಹಳೆ ಕಾರ್ಡಿಗೆ ಹಳೆ ಜೋಡಿಯೇ ಕ್ಷೇಮ. ಮೂಲ ಡಿಸ್ಕುಗಳನ್ನು ನಕಲು ಮಾಡಿ, ಮೂಲವನ್ನು ಬೀರುವಿನಲ್ಲಿಟ್ಟು, ನಕಲಿನಿಂದಲೇ ಜಾನಸ್ ಅಳವಡಿಸಿ.

1.3ರ ಸ್ಟಾರ್ಟಪ್-ಸೀಕ್ವೆನ್ಸಿನಲ್ಲಿ, ಅಂದರೆ ಅಮಿಗಾ ಎದ್ದ ಕೂಡಲೇ ನಡೆಸುವ ಆಜ್ಞೆಗಳ ಕಡತದಲ್ಲಿ, ಬೈಂಡ್‌ಡ್ರೈವರ್ಸ್ ಎಂಬ ಸಾಲು ಇರುತ್ತದೆ. ಕಾರ್ಡಿಗೂ ಅದರ ಸಾಫ್ಟ್‌ವೇರಿಗೂ ಗಂಟು ಹಾಕುವುದು ಅದೇ. ಫ್ಲಾಪಿಯಲ್ಲಿ ಜಾಗ ಉಳಿಸಲು ಯಾರಾದರೂ ಆ ಸಾಲನ್ನು ಅಳಿಸಿದ್ದರೆ ಮತ್ತೆ ಸೇರಿಸಿ.

ಈಗ ಪಿಸಿ ಡ್ರೈವಿಗೆ ಡಾಸ್ ಡಿಸ್ಕ್ ಹಾಕಿ, ವರ್ಕ್‌ಬೆಂಚಿನ ಪಿಸಿ ಡ್ರಾಯರ್ ತೆರೆದು 'ಪಿಸಿ ಮೋನೋ' ಚಿತ್ರದ ಮೇಲೆ ಎರಡು ಸಲ ಒತ್ತಿ. ಒಂದು ಕಿಟಕಿ ತೆರೆಯುತ್ತದೆ. ಡ್ರೈವ್ ಗರಗರ ಸದ್ದು ಮಾಡುತ್ತದೆ, ಡಾಸ್ ತಾರೀಖು ಕೇಳುತ್ತದೆ, ಸಮಯ ಕೇಳುತ್ತದೆ, ಆಮೇಲೆ 'ಎ' ಪ್ರಾಂಪ್ಟ್. ಕಿಟಕಿಯನ್ನು ಎಳೆದು ಪಕ್ಕಕ್ಕಿಡಿ, ಚಿಕ್ಕದು ಮಾಡಿ, ಹಿಂದೆ ಅಮಿಗಾದ ಗಡಿಯಾರ ಓಡುತ್ತಿರುವುದನ್ನು ನೋಡಿ. 1987ರಲ್ಲಿ ಇದನ್ನು ಕಂಡ ಪಿಸಿ ಮಾಲೀಕನ ಮುಖ ಹೇಗಿದ್ದಿರಬಹುದು!

ಕೀಲಿ ಒತ್ತಿದರೆ ಅಕ್ಷರ ಬರದಿದ್ದರೆ ಕಿಟಕಿಯ ಒಳಗೆ ಒಮ್ಮೆ ಮೌಸ್ ಒತ್ತಿ. ಯಾವ ಕಿಟಕಿ ಎಚ್ಚರವಿದೆಯೋ ಕೀಲಿಗಳು ಅದಕ್ಕೇ ಹೋಗುತ್ತವೆ. ಅಲ್ಲೇ ಕಂಟ್ರೋಲ್-ಆಲ್ಟ್-ಡಿಲೀಟ್ ಒತ್ತಿದರೆ ಪಿಸಿ ಮಾತ್ರ ರೀಬೂಟ್ ಆಗುತ್ತದೆ, ಅಮಿಗಾಕ್ಕೆ ಏನೂ ಗೊತ್ತಾಗುವುದಿಲ್ಲ. ಕಂಟ್ರೋಲ್ ಜೊತೆ ಎರಡು ಅಮಿಗಾ ಕೀಲಿ ಒತ್ತಿದರೆ ಅಮಿಗಾವೇ ರೀಸೆಟ್ ಆಗುತ್ತದೆ. ಪಿಸಿಯಲ್ಲಿ ಏನಾದರೂ ಉಳಿಸುತ್ತಿರುವಾಗ ಆ ಮೂರು ಕೀಲಿಗಳ ಹತ್ತಿರಕ್ಕೆ ಬೆರಳು ಹೋಗದಿರಲಿ.

ಮೋನೋ ಕಿಟಕಿ ಅಕ್ಷರಗಳಿಗೆ ಮಾತ್ರ. 'ಪಿಸಿ ಕಲರ್' ತೆರೆದರೆ ಸಿಜಿಎ ಕಾರ್ಡಿನ ನಾಲ್ಕು ಬಣ್ಣದ ಚಿತ್ರಗಳೂ ಬರುತ್ತವೆ, ಆದರೆ ಆ ಮೆಮೊರಿಯನ್ನು ಅಮಿಗಾ ಓದಿ ಮತ್ತೆ ಚಿತ್ರಿಸಬೇಕಾದ್ದರಿಂದ ವೇಗದ ಆಟಗಳು ತೆವಳುತ್ತವೆ. ಬರವಣಿಗೆ, ಲೆಕ್ಕ, ಪ್ರೋಗ್ರಾಮಿಂಗ್ ಎಲ್ಲಕ್ಕೂ ನಾನು ಮೋನೋವನ್ನೇ ಬಳಸುತ್ತೇನೆ.

ಹಾರ್ಡ್‌ಡಿಸ್ಕ್

ಫ್ಲಾಪಿಯಲ್ಲೇ ಎಷ್ಟು ದಿನ? ಪಿಸಿಗೆ ಡಿಸ್ಕ್ ಕೊಡಲು ಎರಡು ಒಳ್ಳೆಯ ದಾರಿಗಳಿವೆ.

ಅಮಿಗಾದಲ್ಲಿ ಆಗಲೇ ಹಾರ್ಡ್‌ಡಿಸ್ಕ್ ಇದ್ದರೆ ಅದರಲ್ಲೇ ಒಂದು ದೊಡ್ಡ ಕಡತ ಮಾಡಿ, ಪಿಸಿಗೆ ಅದನ್ನೇ ಡಿಸ್ಕ್ ಎಂದು ನಂಬಿಸಬಹುದು. ಡಾಸ್‌ನ ಕಾನ್ಫಿಗ್.ಸಿಸ್ ಕಡತದಲ್ಲಿ ಜೆಡಿಸ್ಕ್.ಸಿಸ್ ಡ್ರೈವರನ್ನು ಕರೆಯುವ ಒಂದು ಸಾಲು. ಆಮೇಲೆ ಜೆಲಿಂಕ್ ಎಂಬ ಆಜ್ಞೆಯಲ್ಲಿ ಡ್ರೈವ್ ಅಕ್ಷರ, ಅಮಿಗಾ ಕಡೆಯ ಕಡತದ ಪೂರ್ತಿ ಹೆಸರು, ಮೊದಲ ಸಲವಾದರೆ ಎಷ್ಟು ದೊಡ್ಡದು ಎಂಬುದು. ಅಮಿಗಾದ ಬ್ಯಾಕಪ್ ತೆಗೆದರೆ ಪಿಸಿ ಡಿಸ್ಕಿನ ಬ್ಯಾಕಪ್ಪೂ ಆಯಿತು, ಒಂದು ಕಡತ ನಕಲು ಮಾಡಿದರೆ ಇಡೀ ಡಿಸ್ಕ್ ನಕಲು. ಇಂದು ವರ್ಚುವಲ್ ಮಷೀನುಗಳಲ್ಲಿ ಮಾಡುವುದೂ ಇದನ್ನೇ ತಾನೆ?

ಇಲ್ಲಿ ಎಲ್ಲರೂ ಬೀಳುವ ಒಂದು ಗುಂಡಿ ಇದೆ. ಅಮಿಗಾ ಕಡೆಯಲ್ಲಿ 'ಪಿಸಿ ಡಿಸ್ಕ್' ಎಂಬ ಪ್ರೋಗ್ರಾಂ ಓಡುತ್ತಿದ್ದರೆ ಮಾತ್ರ ಜೆಲಿಂಕ್‌ಗೆ ಉತ್ತರ ಸಿಗುತ್ತದೆ. ಜೆಲಿಂಕ್ ಸಾಲನ್ನು ಡಾಸ್ ಎದ್ದ ಕೂಡಲೇ ನಡೆಸುವ ಆಟೋಎಕ್ಸೆಕ್.ಬ್ಯಾಟ್ ಕಡತದಲ್ಲಿ ಬರೆದಿರುತ್ತೀರಿ, ಪಿಸಿ ಬೇಗ ಎದ್ದು ಕೇಳುತ್ತದೆ, ಅಮಿಗಾ ಇನ್ನೂ ತನ್ನ ವರ್ಕ್‌ಬೆಂಚ್ ಬಿಡಿಸಿಕೊಳ್ಳುತ್ತಿರುತ್ತದೆ. ಪರಿಹಾರ ಸುಲಭ: ಜೆಲಿಂಕ್ ಸಾಲಿನ ಮೇಲೆ 'ಪಾಜ್' (PAUSE) ಎಂದು ಒಂದು ಸಾಲು ಸೇರಿಸಿ. ಅಮಿಗಾ ಕಡೆ ಪಿಸಿ ಡಿಸ್ಕ್ ತೆರೆದಮೇಲೆ ಪಿಸಿ ಕಿಟಕಿಯಲ್ಲಿ ಯಾವುದಾದರೂ ಕೀಲಿ ಒತ್ತಿದರೆ ಆಯಿತು. ಬೇಸರವಾದರೆ ಪಿಸಿ ಡಿಸ್ಕನ್ನು ಸ್ಟಾರ್ಟಪ್-ಸೀಕ್ವೆನ್ಸಿಗೇ ಸೇರಿಸಿಬಿಡಿ. ಹೇಗಿದ್ದರೂ ಬೂಟ್ ಆಗುವುದು ಮಾತ್ರ ಫ್ಲಾಪಿಯಿಂದ ಅಥವಾ ಗೋಟೆಕ್‌ನಿಂದ.

ಎರಡನೆಯ ದಾರಿ, ಪಿಸಿಗೆ ಅದರದ್ದೇ ಡಿಸ್ಕ್. ಆ ಕಾಲದಲ್ಲಿ ಹಾರ್ಡ್‌ಕಾರ್ಡ್ ಎಂದು ಕಾರ್ಡಿನ ಮೇಲೆಯೇ ಡಿಸ್ಕ್ ಕೂರಿಸಿ ಮಾರುತ್ತಿದ್ದರು. ಈಗ ಅದರ ಜಾಗಕ್ಕೆ ಎಕ್ಸ್‌ಟಿ-ಐಡಿಇ ಎಂಬ 8 ಬಿಟ್ ಕಾರ್ಡೂ ಒಂದು ಕಾಂಪ್ಯಾಕ್ಟ್ ಫ್ಲಾಶ್ ಕಾರ್ಡೂ ಸಾಕು. ಅದರ ರೋಮ್ (ROM) ವಿಳಾಸ ಸಿ8000ಕ್ಕೆ ಇಡಿ, ಡಿ0000 ನಮ್ಮ ಕಿಂಡಿಗೆ ಹೋಗಿದೆ ಎಂಬುದು ಚೀಟಿಯಲ್ಲಿದೆ. ಅದರೊಳಗಿನ ಬಯಾಸ್ ಎಕ್ಸ್‌ಟಿ ಯಂತ್ರಗಳಿಗೆಂದು ಮಾಡಿದ ಆವೃತ್ತಿಯೇ ಆಗಿರಲಿ, 286ರ ಆವೃತ್ತಿಯ ಆಜ್ಞೆಗಳು 8088ಕ್ಕೆ ಅರ್ಥವಾಗುವುದಿಲ್ಲ. ಡಾಸ್ 3.3ರಲ್ಲಿ ಒಂದು ಪಾರ್ಟಿಷನ್ ಹೆಚ್ಚೆಂದರೆ 32 ಎಂಬಿ. ಸಾಲದೇ ಎಂದು ಕೇಳುವವರು ವರ್ಡ್‌ಸ್ಟಾರಿನಲ್ಲಿ 32 ಎಂಬಿ ಬರೆದು ತೋರಿಸಲಿ.

ಹಿಂದೆ ಉಲ್ಟಾ ವ್ಯವಹಾರವೂ ನಡೆಯುತ್ತಿತ್ತು. ಅಮಿಗಾ ಹಾರ್ಡ್‌ಡಿಸ್ಕ್ ಕಂಟ್ರೋಲರ್ ದುಬಾರಿ ಎಂದು ಪಿಸಿಯ ಅಗ್ಗದ ಡಿಸ್ಕಿನಲ್ಲೇ ಒಂದು ಭಾಗವನ್ನು ಅಮಿಗಾಕ್ಕೆ ಬಿಟ್ಟುಕೊಡುತ್ತಿದ್ದರು. ಬಾಡಿಗೆಗೆ ಬಂದವರ ಮನೆಯಲ್ಲಿ ಯಜಮಾನ ಬಾಡಿಗೆಗಿದ್ದ ಹಾಗೆ. ಈಗ ಅದರ ಅಗತ್ಯವಿಲ್ಲ.

ಕಡತ ಸಾಗಿಸುವುದು

ನಿಮ್ಮ ಲ್ಯಾಪ್‌ಟಾಪಿನಿಂದ ಪಿಸಿ ಕಡೆಗೆ ತರಲು ಗೋಟೆಕ್ ಇಮೇಜೇ ಸುಲಭ. ಅಮಿಗಾ ಕಡೆ ಈಗಾಗಲೇ ಇರುವ ಕಡತವನ್ನು ತರಬೇಕಾದರೆ ಡಾಸ್ ಕಿಟಕಿಯಲ್ಲಿ ಎರೀಡ್ ಎಂಬ ಆಜ್ಞೆ ಇದೆ, ಪಿಸಿಯಿಂದ ಅಮಿಗಾಕ್ಕೆ ಕಳಿಸಲು ಎರೈಟ್. ಎರಡಕ್ಕೂ ಪಿಸಿ ಡಿಸ್ಕ್ ಪ್ರೋಗ್ರಾಂ ಓಡುತ್ತಿರಬೇಕು.

ಈ ಎರಡು ಆಜ್ಞೆಗಳು ಬರಹದ ಕಡತವನ್ನು ಸಾಗಿಸುವಾಗ ಸಾಲಿನ ಕೊನೆಯ ಗುರುತನ್ನು ಬದಲಿಸಬಲ್ಲವು, ಏಕೆಂದರೆ ಡಾಸ್ ಸಾಲು ಮುಗಿಸಲು ಎರಡು ಬೈಟ್ ಬರೆಯುತ್ತದೆ, ಅಮಿಗಾ ಒಂದನ್ನೇ. ಪತ್ರಕ್ಕೆ ಇದು ಉಪಕಾರ, ಪ್ರೋಗ್ರಾಮಿಗೆ ಮರಣ. ಪ್ರೋಗ್ರಾಂ ಕಡತ ತಂದಮೇಲೆ ಎರಡೂ ಕಡೆ ಅದರ ಗಾತ್ರ ನೋಡಿ. ಒಂದೇ ಒಂದು ಬೈಟ್ ಹೆಚ್ಚಿದ್ದರೂ ಅದನ್ನು ಓಡಿಸಬೇಡಿ, ಬದಲಾವಣೆ ಮಾಡದೆ ಸಾಗಿಸುವ ಸ್ವಿಚ್ ಹಾಕಿ ಮತ್ತೆ ತನ್ನಿ. ಇನ್ನೊಂದು ದಾರಿ ವರ್ಕ್‌ಬೆಂಚ್ 2.1ರಿಂದ ಜೊತೆಗೇ ಬಂದ ಕ್ರಾಸ್‌ಡಾಸ್. ಅದಿದ್ದರೆ ಅಮಿಗಾದ ಮೂರೂವರೆ ಇಂಚಿನ ಡ್ರೈವೇ 720 ಕೆಬಿಯ ಪಿಸಿ ಡಿಸ್ಕನ್ನು ಓದುತ್ತದೆ.

ಉಳಿದ ಮೂರು ಸ್ಲಾಟ್‌ಗಳು

ಚಿತ್ರಗಳ ವೇಗ ಬೇಕೆನ್ನುವವರು 8 ಬಿಟ್ ಸ್ಲಾಟಿನಲ್ಲಿ ನಡೆಯುವ ವಿಜಿಎ ಕಾರ್ಡ್ ಹಾಕಿ ಅದಕ್ಕೆ ಬೇರೆ ಮಾನಿಟರ್ ಜೋಡಿಸಬಹುದು. ಆಗಲೂ ಅಮಿಗಾ ಪರದೆಯ ಮೇಲೆ ಪಿಸಿ ಕಿಟಕಿ ತೆರೆದೇ ಇರಬೇಕು, ಕೀಲಿಮಣೆ ಪಿಸಿಗೆ ತಲುಪುವುದು ಆ ಕಿಟಕಿಯಿಂದಲೇ. ಹೊಸ ಮಾನಿಟರ್ ನೋಡುತ್ತಾ ಟೈಪ್ ಮಾಡಿ ಏನೂ ಬರದೆ ತಲೆ ಚಚ್ಚಿಕೊಂಡವರು ಮೊದಲು ಹಳೆಯ ಮಾನಿಟರಿನ ಕಡೆ ನೋಡಿ.

ಕಾರ್ಡ್ ಚುಚ್ಚಿ ಯಂತ್ರಕ್ಕೆ ಹೊಸ ಗುಣ ಕೊಡುವುದು ನಮಗೂ ಹೊಸದಲ್ಲ. ಡಾಸ್ ಕಾಲದಲ್ಲಿ ಪಿಸಿಯ ಪರದೆಯ ಮೇಲೆ ಕನ್ನಡ ಬಂದ ದಾರಿಗಳಲ್ಲಿ ಒಂದು ಜಿಸ್ಟ್ ಕಾರ್ಡ್. ಕಾನ್ಪುರದ ಐಐಟಿಯಲ್ಲಿ ಬೇರು ಬಿಟ್ಟು ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ಆ ಕಾರ್ಡ್ ಕೂಡ ಪಿಸಿಯ ಸ್ಲಾಟಿನಲ್ಲೇ ಕೂತು, ಇಂಗ್ಲಿಷ್ ಮಾತ್ರ ಗೊತ್ತಿದ್ದ ಡಾಸ್ ಪ್ರೋಗ್ರಾಂಗಳಲ್ಲಿ ಭಾರತೀಯ ಲಿಪಿಗಳನ್ನು ಮೂಡಿಸುತ್ತಿತ್ತು.

ವೇಗ ಇನ್ನಷ್ಟು ಬೇಕೇ? 8088 ಸಾಕೆಟ್‌ನಲ್ಲಿದ್ದರೆ ಅದನ್ನು ಮೆಲ್ಲಗೆ ಕಿತ್ತು ಎನ್‌ಇಸಿ ವಿ20 ಹಾಕಿ. ಪಿನ್ನುಗಳು ಒಂದಕ್ಕೊಂದು ಹೊಂದುತ್ತವೆ, ವೇಗ ಸ್ವಲ್ಪ ಏರುತ್ತದೆ. ಪಕ್ಕದ ಖಾಲಿ ಸಾಕೆಟ್ 8087 ಗಣಿತ ಚಿಪ್ಪಿಗೆ. ಲೋಟಸ್‌ನಲ್ಲಿ ಬಡ್ಡಿ ಲೆಕ್ಕ ಹಾಕುವವರಿಗಲ್ಲದೆ ಉಳಿದವರಿಗೆ ಅದು ದುಂದು.

ಕೈ ಕೊಟ್ಟರೆ

ಪಿಸಿ ಕಿಟಕಿಯೇ ತೆರೆಯದಿದ್ದರೆ ತಪ್ಪು ಅಮಿಗಾ ಕಡೆಯದ್ದು: ಮೆಮೊರಿ 8 ಎಂಬಿ ತುಂಬಿದೆಯೇ, ಬೈಂಡ್‌ಡ್ರೈವರ್ಸ್ ಓಡಿದೆಯೇ, ಕಾರ್ಡ್ ಝೊರ್ರೊ ಕಡೆ ಪೂರ್ತಿ ಇಳಿದಿದೆಯೇ. ಕಿಟಕಿ ತೆರೆದು ಖಾಲಿ ನಿಂತರೆ ತಪ್ಪು ಪಿಸಿ ಕಡೆಯದ್ದು. ಐಎಸ್ಎ ಕಾರ್ಡುಗಳನ್ನೆಲ್ಲ ತೆಗೆದು ಬ್ರಿಡ್ಜ್‌ಬೋರ್ಡ್ ಒಂದನ್ನೇ ಬಿಟ್ಟು ನೋಡಿ. ಆಗ ಎದ್ದರೆ ವಿಳಾಸದ ಜಗಳ, ಒಂದೊಂದಾಗಿ ಮರಳಿ ಹಾಕುತ್ತಾ ಬನ್ನಿ. ಡ್ರೈವ್ ದೀಪ ಶುರುವಿನಿಂದಲೂ ಆರದೆ ಉರಿಯುತ್ತಿದ್ದರೆ ಕೇಬಲ್ ಉಲ್ಟಾ. ಕಿಟಕಿಯಲ್ಲಿ ಅಕ್ಷರಗಳಿದ್ದು ಕೀಲಿ ಕೆಲಸ ಮಾಡದಿದ್ದರೆ, ನೂರಕ್ಕೆ ತೊಂಬತ್ತು ಸಲ ನೀವು ಕಿಟಕಿಯ ಒಳಗೆ ಮೌಸ್ ಒತ್ತಿಲ್ಲ.

ಎಲ್ಲ ಸರಿಯಾದಮೇಲೆ ನಾರ್ಟನ್ ಯುಟಿಲಿಟೀಸಿನ ಎಸ್ಐ ಓಡಿಸಿ. ಮೂಲ ಐಬಿಎಂ ಪಿಸಿಯನ್ನು 1.0 ಎಂದು ಹಿಡಿದು ಅಳೆಯುವ ಪ್ರೋಗ್ರಾಂ ಅದು, ಇಲ್ಲೂ ಸುಮಾರು ಅಷ್ಟೇ ತೋರಿಸಬೇಕು. ಆಮೇಲೆ ಅಮಿಗಾ ಕಡೆ ಒಂದು ಸಂಗೀತದ ಪ್ರೋಗ್ರಾಂ ಹಾಕಿ, ಮತ್ತೆ ಎಸ್ಐ ಓಡಿಸಿ. ಅಂಕಿ ಹೆಚ್ಚುಕಡಿಮೆ ಕದಲುವುದಿಲ್ಲ, ಒಲೆ ಬೇರೆ ಬೇರೆಯಲ್ಲವೇ.

ಆರಿಸುವಾಗ ಡಾಸ್‌ಗೆ ಹೇಳಬೇಕಾದ್ದೇನೂ ಇಲ್ಲ, ಪ್ರೋಗ್ರಾಮಿನಿಂದ ಹೊರಬಂದು ಪ್ರಾಂಪ್ಟಿನಲ್ಲಿ ನಿಂತರೆ ಸಾಕು. ಆದರೆ ಪಿಸಿಯ ಡಿಸ್ಕ್ ಅಮಿಗಾದ ಕಡತದಲ್ಲಿದ್ದರೆ, ಪಿಸಿ ಬರೆದು ಮುಗಿಸಿದೆ ಎಂದುಕೊಂಡ ಮೇಲೂ ಅಮಿಗಾ ಬರೆಯುತ್ತಿರಬಹುದು. ಅಮಿಗಾದ ಹಾರ್ಡ್‌ಡಿಸ್ಕ್ ದೀಪ ಆರಿ ಹತ್ತು ಎಣಿಸುವವರೆಗೆ ಕಾಯಿರಿ. ಇಬ್ಬರಿಗೂ ಇರುವುದು ಒಂದೇ ಸ್ವಿಚ್ಚು.